ಅತ್ತೆಯ ಕೆನ್ನೆಯ ಕಲ್ಲು

ಬಾಗಲಕೋಟೆ,
ಫೆಬ್ರವರಿ 30, 2309

ಮುನ್ನೂರು ವರ್ಷ ಹಿಂದಿನ ಹಲ್ಲಿನ ಡಾಕ್ಟರರಿಗೆ ಶಾಕಾಂಬರಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಡಪಾಯಿ ಫೆಬ್ರವರಿಗೆ ನಾವು ಎರಡು ದಿನ ದಾನ ಮಾಡಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಸುಬಿನಲ್ಲಿ ಮಾತ್ರ ನಿಮ್ಮವಳೇ, ಬಾಯಿ ನೋಡುವವಳು.

ನಮ್ಮಲ್ಲಿ ಯಾರೂ ಬಗ್ಗುವುದಿಲ್ಲ. ನೆಲವೇ ತನ್ನ ಕಸ ನುಂಗುತ್ತದೆ, ಬಿದ್ದ ಚಮಚ ಎತ್ತಿಕೊಡುತ್ತದೆ. ಅದಕ್ಕೆ ‘ಕೈನೆಲ’ ಎನ್ನುತ್ತೇವೆ. ಚಪ್ಪಲಿಗಳು ತಾವೇ ಕಾಲಿಗೆ ಬರುತ್ತವೆ. ಹಿರಿಯರಿಗೆ ನಮಸ್ಕಾರವೂ ನಿಂತೇ. ಈ ಸುಖವೇ ನನ್ನ ಸೋದರತ್ತೆ ಗುರಸಿದ್ದವ್ವನವರಿಗೆ ಮುಳುವಾಗುವುದರಲ್ಲಿತ್ತು.

ಅತ್ತೆಯ ಕೆನ್ನೆಯೊಳಗೆ ಒಂದು ಮೆತ್ತನೆಯ ಗಂಟು. ಚಿತ್ರ ತೆಗೆದರೆ ಅದರಲ್ಲಿ ದುಂಡನೆಯ ಕಲ್ಲುಗಳು. ಜೊಲ್ಲಿನ ನಾಳದಲ್ಲಿ ಕಲ್ಲು ಕಟ್ಟಿದೆಯೆಂದು ಊರಿನ ವೈದ್ಯರೆಲ್ಲ ಒಮ್ಮತದಿಂದ ತೀರ್ಮಾನಿಸಿದೆವು. ಹುಳಿ ಚೀಪಿದರೆ ಜೊಲ್ಲು ಉಕ್ಕಿ ಅಂಥ ಕಲ್ಲು ಹೊರಬೀಳುವುದುಂಟು. ಓಣಿಯವರು ಬುಟ್ಟಿಗಟ್ಟಲೆ ನಿಂಬೆಹಣ್ಣು ತಂದು ಸುರಿದರು. ಅತ್ತೆ ಪಾಪ, ಚೀಪಿದ್ದೇ ಚೀಪಿದ್ದು.

“ಹಲ್ಲು ಜುಮ್ ಅಂತಾವ ಶಾಕೂ. ಆ ಕಲ್ಲಿಗೇನು, ಆರಾಮ ಕುಂತೈತಿ,” ಎಂದು ಗೊಣಗಿದರು.

ಕೊನೆಗೆ ಕೊಯ್ದು ತೆಗೆಯುವುದೆಂದಾಯಿತು. ಕೊಯ್ಯಬೇಕಾದವಳು ನಾನೇ.

ಅಂದು ಬೆಳಿಗ್ಗೆ ಅತ್ತೆಯನ್ನು ಕರೆದೊಯ್ಯಲು ಹೋದೆ. ಅವರ ಮೊಮ್ಮಗಳು ಅಂಬೆಗಾಲಿಟ್ಟು ಬಂದಳು. ಕೈನೆಲ ಮಗುವನ್ನು ಎತ್ತಿಕೊಡುವವರೆಗೆ ತಡೆಯಲಾರದೆ ಅತ್ತೆ ಬಗ್ಗಿ ಮುದ್ದಿಟ್ಟರು. ನನ್ನ ಕಣ್ಣೆದುರೇ ಕೆನ್ನೆ ಉಬ್ಬಿತು. ನೇರ ನಿಂತರು, ಇಳಿಯಿತು. ಮತ್ತೆ ಬಗ್ಗಿಸಿ ನೋಡಿದೆ, ಮತ್ತೆ ಉಬ್ಬಿತು. ಯಾರೂ ಬಗ್ಗದ ನಮ್ಮೂರಲ್ಲಿ ಇದು ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ಜೊಲ್ಲಿನ ತೊಂದರೆಯಲ್ಲ, ಬಗ್ಗಿದರೆ ರಕ್ತ ತುಂಬಿ ಉಬ್ಬುವ ರಕ್ತನಾಳಗಳ ಗಂಟು. ಅಲ್ಲಿ ನಿಧಾನವಾಗಿ ಹರಿಯುವ ರಕ್ತ ಹೆಪ್ಪುಗಟ್ಟಿ, ಸುಣ್ಣ ಕೂಡಿ ಕಲ್ಲಾಗಿತ್ತು. ಗೊತ್ತಿಲ್ಲದೆ ಚಾಕು ಹಾಕಿದ್ದರೆ ಆ ರಕ್ತ ನಿಲ್ಲಿಸುವುದು ನನ್ನಿಂದ ಆಗುತ್ತಿರಲಿಲ್ಲ, ಅತ್ತೆ ನನ್ನ ಕೈಯಲ್ಲೇ ಹೋಗಿಬಿಡುತ್ತಿದ್ದರು.

ಧ್ವನಿಯಲೆ ಹಾಯಿಸಿ ರಕ್ತದ ಹರಿವನ್ನು ನೋಡಿದೆವು; ಅದು ನಿಮ್ಮಲ್ಲೂ ಇರುವ ಉಪಾಯ. ನಾಳಗಳನ್ನು ಮುದುಡಿಸುವ ಮದ್ದನ್ನು ಸೂಜಿಯಲ್ಲಿ ಕೊಟ್ಟೆವು. ಗಂಟು ಕುಗ್ಗಿತು. ಕಲ್ಲುಗಳು ಅಲ್ಲೇ ಇವೆ, ಯಾರ ತಂಟೆಗೂ ಬರುತ್ತಿಲ್ಲ. ಅತ್ತೆ ಈಗ ಹೋಳಿಗೆಯನ್ನು ಎರಡೂ ಕೆನ್ನೆಗೆ ತುರುಕಿಕೊಂಡು ನನ್ನ ಡಾಕ್ಟರಿಕೆಯನ್ನು ಆಡಿಕೊಳ್ಳುತ್ತಾರೆ. ಕೇಳಲು ಬಹಳ ಸಂತೋಷವಾಗುತ್ತದೆ.

ಒಂದೇ ಕೋರಿಕೆ. ಕೆನ್ನೆಯಲ್ಲಿ ಕಲ್ಲು ಕಂಡರೆ, ಚಾಕು ಹಿಡಿಯುವ ಮುನ್ನ ರೋಗಿಯನ್ನು ಒಮ್ಮೆ ಬಗ್ಗಿಸಿ ನೋಡಿ. ಇವತ್ತು ನಿಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಹುಡುಗಿ ನಮ್ಮ ಮನೆತನದ ಹಿರಿಯಜ್ಜಿಯೇ ಆಗಿರಬಹುದು. ದಯವಿಟ್ಟು ಜೋಪಾನ. ನಾವೆಲ್ಲ ಇನ್ನೂ ಹುಟ್ಟಬೇಕು.