ಬಾನೆಟ್ ಮೇಲಿನ ಚಹಾ

ಟ್ರೆಲಾನ್, ದಕ್ಷಿಣ ಆಸ್ಟ್ರೇಲಿಯ
ಏಪ್ರಿಲ್ ೮, ಮಂಗಳವಾರ

ಪ್ರೀತಿಯ ಟ್ಯಾಮ್ಸಿನ್,

ಮೊದಲು ಕೈಯಲ್ಲಿರುವ ಆ ಫೋನನ್ನು ಕೆಳಗಿಡು. ಹದಿಮೂರಕ್ಕೆ ಶಾಲೆ ಬಿಟ್ಟ ಮುದುಕಿ ಮೂರು ಹಾಳೆ ಬರೆದಿದ್ದೇನೆ, ಅದನ್ನು ಅರ್ಧ ಕಣ್ಣಿನಲ್ಲಿ ಓದಿದರೆ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ನಿನ್ನ ಅಮ್ಮನಿಗೆ ಬರೆದೆಯಂತೆ: ತಾತ ಎರಡು ವರ್ಷದಿಂದ ಫೋನಿಗೆ ಬರುತ್ತಿಲ್ಲ, ಅವನ ನೀರೆತ್ತುವ ಗಾಳಿಯಂತ್ರದ ಕಸುಬು ಬಿಟ್ಟು ಸಮುದ್ರದಾಚೆ ಟಾಸ್ಮೇನಿಯಾಕ್ಕೆ ಹೋಗಿ ಕರೆಂಟು ತೆಗೆಯುವ ಗಾಳಿಕಂಬ ಹತ್ತುತ್ತಿದ್ದೇನೆ ಎಂದು ಅವನಿಗೆ ನನ್ನ ಮೇಲೆ ಸಿಟ್ಟು, ಇನ್ನು ಮೇಲೆ ನಾನೂ ಫೋನ್ ಮಾಡುವುದಿಲ್ಲ ಎಂದು. ಆ ಕಾಗದವನ್ನು ನಿನ್ನ ಅಮ್ಮ ನನಗೆ ಓದಿ ಹೇಳಿ ಮೂಗು ಒರೆಸಿಕೊಂಡಳು. ಇಪ್ಪತ್ತಾರು ವರ್ಷದವಳು ನೀನು. ಒಬ್ಬ ಮುದುಕ ಸಿಟ್ಟಾಗಿದ್ದಾನೋ ಇಲ್ಲವೋ ಎಂದು ತಿಳಿಯಬೇಕಾದರೆ ಬಂದು ಅವನ ಮುಖ ನೋಡಬೇಕು. ತಾಯಿಗೆ ಕಾಗದ ಬರೆದು ಇಬ್ಬರೂ ಸೇರಿ ಅಳುವುದಲ್ಲ.

ನೀನು ಹೇಗಿದ್ದೀಯ? ಅಲ್ಲಿ ಆಗಲೇ ಚಳಿ ಹಿಡಿದಿರಬೇಕು. ನಾನು ಹೆಣೆದು ಕಳಿಸಿದ ಉಣ್ಣೆಯ ಸ್ವೆಟರನ್ನು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಬಣ್ಣ ಚೆನ್ನಾಗಿಲ್ಲವೆಂದು ಪೆಟ್ಟಿಗೆಯಲ್ಲಿ ಮಲಗಿಸಿದ್ದೀಯೋ? ಅಷ್ಟು ಎತ್ತರದಲ್ಲಿ ನಿನ್ನ ಬಣ್ಣ ನೋಡುವವರು ಯಾರಿದ್ದಾರೆ, ಹಾಕಿಕೋ. ನನ್ನ ಎಡ ಮಂಡಿ ಇನ್ನೂ ನನ್ನದೇ, ಬಲ ಮಂಡಿ ಮಾತ್ರ ಬೇರೆ ಯಾರದೋ ಎಂಬಂತೆ ವರ್ತಿಸುತ್ತದೆ. ಕೋಳಿಗಳು ಮೊಟ್ಟೆ ನಿಲ್ಲಿಸಿವೆ. ಇನ್ನು ನಿನ್ನ ತಾತನ ವಿಷಯ. ಅದನ್ನೇ ಬರೆಯಲು ಕೂತಿದ್ದು, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ನಡುವೆ ಹಾರಿಸಿ ಓದಬೇಡ.

ನೀನು ಹೋದ ಮೇಲೆ ಕ್ಲೆಮ್ ಮಾತು ಕಡಿಮೆ ಮಾಡಿದ. ಐವತ್ತೊಂದು ವರ್ಷದಿಂದ ನಾನು ಹೇಳಿದ್ದನ್ನು ಕೇಳದ ಮನುಷ್ಯ, ಅವನು ಕೇಳುವುದನ್ನು ಯಾವಾಗ ಪೂರ್ತಿ ನಿಲ್ಲಿಸಿದನೆಂದು ನನಗೆ ಹೇಗೆ ತಿಳಿಯಬೇಕು ಹೇಳು. ನೀನು ಫೋನ್ ಮಾಡಿದಾಗ ನಾನು ಕೈ ಚಾಚಿ ಅವನಿಗೆ ಕೊಡಲು ಹೋದರೆ ತಲೆ ಅಲ್ಲಾಡಿಸಿ ಹಿತ್ತಿಲಿಗೆ ನಡೆಯುತ್ತಿದ್ದ. ನಾನೂ ಸಿಟ್ಟೇ ಅಂದುಕೊಂಡೆ. ದಿನವಿಡೀ ಕುರ್ಚಿ, ಕಿಟಕಿ, ಕುರ್ಚಿ. ಊರಿನವರು ಕೈ ಎತ್ತಿದರೆ ಕೈ ಎತ್ತುತ್ತಿದ್ದ, ಹತ್ತಿರ ಬಂದರೆ ರಸ್ತೆ ದಾಟುತ್ತಿದ್ದ. ಇಡೀ ಜಿಲ್ಲೆಯ ಗಾಳಿಯಂತ್ರಗಳ ಮೇಲೆ ಹತ್ತಿ ಕೂತು ಅಲ್ಲಿಂದಲೇ ಹರಟೆ ಕೊಚ್ಚುತ್ತಿದ್ದ ಮನುಷ್ಯ.

ಸೆಪ್ಟೆಂಬರಿನಲ್ಲಿ ಬೇಕರಿಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹಳೆ ಉಣ್ಣೆ ಗೋದಾಮಿನಲ್ಲಿ ಗಂಡಸರ ಶೆಡ್ಡು, ಮಂಗಳವಾರ ಮತ್ತು ಗುರುವಾರ, ಯಾರು ಬೇಕಾದರೂ ಬರಬಹುದು. ನಿನಗೆ ಗೊತ್ತಲ್ಲ ಅಂಥ ಶೆಡ್ಡು, ಕೆಲಸದಿಂದ ಬಿಡುಗಡೆಯಾದ ಗಂಡಸರು ಸೇರಿಕೊಂಡು ಗಿಳಿಗೂಡು ಮಾಡುತ್ತಾರೆ, ಶಿಶುವಿಹಾರದ ಕುರ್ಚಿಯ ಕಾಲು ಸರಿಮಾಡುತ್ತಾರೆ, ಚಕ್ರದ ಮೇಲೆ ಓಡುವ ಮರದ ಬಾತುಕೋಳಿ ಮಾಡುತ್ತಾರೆ, ಹತ್ತೂವರೆಗೆ ಎಲ್ಲವನ್ನೂ ಬಿಟ್ಟು ಚಹಾ ಕುಡಿಯುತ್ತಾರೆ. ಹೋಗು ಎಂದೆ. ಹೋಗಲಿಲ್ಲ. ಆಗ ನಾನು ಚರ್ಚಿನ ಹಾಡಿನ ತಂಡಕ್ಕೆ, ಮಂಗಳವಾರ ಗುರುವಾರದ ಅಭ್ಯಾಸ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಆಗಲಿ ಎಂದೆ. ಆರು ಹೆಂಗಸರು, ಅದರಲ್ಲಿ ಇಬ್ಬರು ಸ್ವರ ಗೊತ್ತಿಲ್ಲದವರು. ಮೊದಲ ದಿನವೇ ಕ್ಲೆಮ್ ಟೊಪ್ಪಿ ಹಾಕಿಕೊಂಡ, ನಾನು ಕಟ್ಟಿಕೊಟ್ಟ ಮಾಂಸ-ಆಲೂಗಡ್ಡೆಯ ಪಾಸ್ಟಿ ತೆಗೆದುಕೊಂಡ, ಪಿಕಪ್ ಗಾಡಿ ಹತ್ತಿ ಹೊರಟ. ನಮ್ಮ ಹಾಡಿನ ಪ್ರಭಾವ ಎಂದು ಎಷ್ಟು ಹಿಗ್ಗಿದೆ ಗೊತ್ತೇ. ಈಗ ಯೋಚಿಸಿದರೆ ಅವನಿಗೆ ಹಾಡು ಕೇಳಿಸಿಯೇ ಇರಲಿಲ್ಲ. ಆರು ಹೆಂಗಸರು ಒಟ್ಟಿಗೆ ತಿರುಗಿ ನೋಡಿ ಏನೋ ಕೇಳಿ ಉತ್ತರಕ್ಕೆ ಕಾದದ್ದೇ ಅವನನ್ನು ಓಡಿಸಿದ್ದು.

ಆರು ವಾರ ಹಾಗೆಯೇ ಹೋಗಿ ಬಂದ. ಪಾಸ್ಟಿಯ ಪೊಟ್ಟಣ ಖಾಲಿಯಾಗಿ ಬರುತ್ತಿತ್ತು. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನನ್ನ ಗಂಡ ಶೆಡ್ಡಿನಲ್ಲಿ ಗಿಳಿಗೂಡು ಮಾಡುತ್ತಿದ್ದಾನೆ ಎಂದು. ಒಂದು ದಿನ ಬೇಕರಿಯ ಗ್ಲೆನಿಸ್ ಬ್ರೆಡ್ ಸುತ್ತುತ್ತಾ ಕೇಳಿದಳು, "ಅಲ್ಲ ಎಲ್ವಾ, ನಿನ್ ಗಂಡ ಯಾವಾಗ್ಲೂ ಶೆಡ್ ಹೊರಗೆ ಗಾಡೀಲೇ ಕೂತಿರ್ತಾನಲ್ಲ, ಕಾವಲಿಗೆ ಇಟ್ಕೊಂಡಿದ್ದಾರಾ?" ಎಂದು. ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದೆ.

ಶೆಡ್ಡಿನ ಯಜಮಾನಿಕೆ ರೋಲಿ ಕೆಂಪ್‌ನದು, ಧಾನ್ಯ ತುಂಬಿಡುವ ಗೋಪುರದಲ್ಲಿ ಯಂತ್ರ ಓಡಿಸುತ್ತಿದ್ದನಲ್ಲ, ಅವನೇ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ನನಗಿಂತ ದಡ್ಡ. ಅಂಚೆ ಕಚೇರಿಯ ಮುಂದೆ ಹಿಡಿದೆ. ಆರು ವಾರದಿಂದ ಒಬ್ಬ ಮನುಷ್ಯ ಹೊಸ್ತಿಲಲ್ಲಿ ಕೂತಿದ್ದಾನೆ, ಹನ್ನೊಂದು ಮಂದಿ ಗಂಡಸರಲ್ಲಿ ಒಬ್ಬನಿಗೂ ಬಾ ಎನ್ನಲು ಬಾಯಿಲ್ಲವೇ ಎಂದು ಬೀದಿಗೆ ಕೇಳುವಂತೆ ಕೇಳಿದೆ. ರೋಲಿ ಟೊಪ್ಪಿ ತೆಗೆದು ತಲೆ ಕೆರೆದ. "ಕರೆದ್ರೆ ಹೋಗ್ಬಿಡ್ತಾನೆ ಎಲ್ವಾ. ಬಂದೋರ್ನ ಯಾಕ್ ಬಂದೆ ಅಂತ ಕೇಳಲ್ಲ, ಬರ್ದೇ ಇರೋರ್ನ ಯಾಕ್ ಬರ್ಲಿಲ್ಲ ಅಂತಾನೂ ಕೇಳಲ್ಲ, ಅದು ನಮ್ಮ ಪದ್ಧತಿ. ಹತ್ತೂವರೆಗೆ ಒಂದ್ ಮಗ್ ಚಹಾ ತಗೊಂಡೋಗಿ ಅವನ ಬಾನೆಟ್ ಮೇಲೆ ಇಟ್ಟು ಬರ್ತೀವಿ. ಕುಡಿದು ಮಗ್ ಅಲ್ಲೇ ಇಡ್ತಾನೆ. ಚೆನ್ನಾಗ್ ನಡೀತಿದೆ." ಚೆನ್ನಾಗಿ ನಡೆಯುತ್ತಿದೆಯಂತೆ. ಮೂರು ತಿಂಗಳಲ್ಲಿ ಮುದುಕನ ತೊಡೆಯ ಮೇಲೆ ಜೇಡ ಬಲೆ ಕಟ್ಟುತ್ತದೆ ಎಂದೆ. ಆಗ ಅವನು ದನಿ ತಗ್ಗಿಸಿದ. "ಅವನಿಗೆ ಕಿವಿ ಕೇಳ್ಸಲ್ಲ, ನಿಂಗೊತ್ತಿಲ್ವಾ?" ಯಾರು ಹೇಳಿದ್ದು ಎಂದೆ. "ಹೇಳೋದೇನು, ಚಹಾ ಇಟ್ಟು ಹಿಂದಿನಿಂದ ಕೂಗಿದ್ರೆ ತಿರುಗಲ್ಲ, ಎಡಗಡೆ ನಿಂತ್ರೆ ಸ್ವಲ್ಪ ಗೊತ್ತಾಗುತ್ತೆ. ನಾವು ಹನ್ನೊಂದು ಜನ ಇದೀವಿ ಎಲ್ವಾ, ಎಲ್ಲಾ ಸೇರಿಸಿದ್ರೆ ಕೇಳ್ಸೋ ಕಿವಿ ಆರೇ. ನಮಗೆ ಗೊತ್ತಾಗ್ದೆ ಇರುತ್ತಾ?"

ಟ್ಯಾಮ್ಸಿನ್, ನಾನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನ ಬೆನ್ನಿಗೆ ಎಷ್ಟು ಬೈದಿದ್ದೆ. ಎಲ್ಲವೂ ದಂಡ. ರೋಲಿ ಪಕ್ಕದಲ್ಲಿ ಕೂತು, "ನೀನೀಗ ಅಲ್ಲಿಗೆ ಬರ್ಬೇಡ. ಬಾಯಿ ಮುಚ್ಕೊಂಡು ಪಾಸ್ಟಿ ಕಟ್ಕೊಡು" ಎಂದ. ಅರವತ್ತು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಕಟ್ಟಿಕೊಟ್ಟೆ. ಬಾಯಿಯನ್ನೂ ಮುಚ್ಚಿಕೊಂಡಿದ್ದೆ, ಅದಕ್ಕೆ ಹಾಡಿನ ತಂಡದವರೇ ಸಾಕ್ಷಿ.

ಆಟದ ಮೈದಾನದ ಪಕ್ಕದ ಹಳೆಯ ಗಾಳಿಯಂತ್ರ ಬಿರುಗಾಳಿಗೆ ಬಿದ್ದಿತ್ತಲ್ಲ, ಅದನ್ನು ರಿಪೇರಿ ಮಾಡಿ ಎಂದು ಊರಿನವರು ನವೆಂಬರಿನಲ್ಲಿ ಶೆಡ್ಡಿಗೆ ಒಪ್ಪಿಸಿದರು. ಒಳಗೆ ಬೆಳಕು ಸಾಲದು ಎಂಬ ನೆಪ ಹೇಳಿ ಒಂದು ಬೆಂಚನ್ನು ಹೊರಗೆ ತಂದಿಟ್ಟರು. ಮುಂದಿನ ವಾರ ಇನ್ನೊಂದು. ಡಿಸೆಂಬರ್ ಹೊತ್ತಿಗೆ ಅರ್ಧ ಶೆಡ್ಡೇ ಕ್ಲೆಮ್‌ನ ಗಾಡಿಯ ಮೂತಿಯ ಮುಂದೆ ಬಂದು ನಿಂತಿತ್ತು, ಬಿಸಿಲಿಗೆ ಎಲ್ಲರ ಮೂಗಿನ ಸಿಪ್ಪೆ ಸುಲಿದಿತ್ತು, ಆದರೂ ಒಬ್ಬನೂ ಅವನತ್ತ ತಿರುಗಿ ನೋಡಲಿಲ್ಲ. ಚಕ್ರಕ್ಕೆ ತಗಡಿನ ರೆಕ್ಕೆ ಕೂರಿಸುವ ಹೊಣೆ ಡೆಸ್‌ನದು, ನಿಮ್ಮ ಶಾಲೆಯ ಹಳೆಯ ಹೆಡ್ಮಾಸ್ಟರು. ಪುಸ್ತಕ ಬಿಚ್ಚಿಕೊಂಡು ಎರಡು ದಿನ ಬೋಲ್ಟು ಬಿಗಿದ. ಹದಿನೆಂಟು ರೆಕ್ಕೆಯನ್ನೂ ಹೊಟ್ಟೆ ಹಿಂದೆ, ಬೆನ್ನು ಮುಂದೆ ಮಾಡಿ ಕೂರಿಸಿದ. ನಿನಗೆ ವಿವರಿಸಬೇಕಾಗಿಲ್ಲ, ಒಂಬತ್ತು ವರ್ಷದವಳಿದ್ದಾಗಲೇ ಅಂಥ ತಪ್ಪು ಕಂಡರೆ ನಗುತ್ತಿದ್ದೆ ನೀನು. ಹದಿನೇಳನೆಯ ರೆಕ್ಕೆಯವರೆಗೂ ಕ್ಲೆಮ್ ಸಹಿಸಿಕೊಂಡನಂತೆ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದನಂತೆ. ಹದಿನೆಂಟನೆಯದಕ್ಕೆ ಗಾಡಿಯ ಬಾಗಿಲು ತೆರೆಯಿತು. ನೇರ ನಡೆದು ಬಂದು ಡೆಸ್‌ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, "ಹೆಡ್ಮಾಸ್ಟ್ರೇ, ಗಾಳಿಗೆ ಬೆನ್ನು ತೋರಿಸಿದ್ರೆ ಅದು ಯಾಕೆ ತಿರುಗುತ್ತೆ?" ಎಂದ. ಅಷ್ಟೇ. ಹನ್ನೊಂದು ಮಂದಿಯೂ ಒಂದೊಂದು ಸ್ಪ್ಯಾನರ್ ತೆಗೆದುಕೊಂಡು ಬಿಚ್ಚಲು ಕೂತರು. ಬೇಕೆಂದೇ ತಪ್ಪು ಮಾಡಿದಿರಾ ಎಂದು ನಾನು ಆಮೇಲೆ ಡೆಸ್‌ನನ್ನು ಕೇಳಿದೆ. ಅವನ ಕಿವಿ ಕೆಂಪಾಯಿತು. "ಇಲ್ಲ ಎಲ್ವಾ, ನಾನು ನಿಜವಾಗ್ಲೂ ಅದೇ ಸರಿ ಅಂದ್ಕೊಂಡಿದ್ದೆ" ಎಂದ. ಅದಕ್ಕೇ ಅವನ ಮೇಲೆ ನನಗೆ ಹೆಚ್ಚು ಪ್ರೀತಿ.

ಅಂದಿನಿಂದ ಮುದುಕನನ್ನು ಹಿಡಿಯುವವರಿಲ್ಲ. ಶೆಡ್ಡಿನಲ್ಲಿ ಗರಗಸ, ಮರ ಕಡೆಯುವ ಲೇತು ಓಡುವಾಗ ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು, ಅದು ನಿಯಮ. ಹಾಗಾಗಿ ಯಾರಿಗೂ ಏನೂ ಕೇಳಿಸುವುದಿಲ್ಲ. ಎಲ್ಲರೂ ಕೈಸನ್ನೆ, ಹುಬ್ಬುಸನ್ನೆ. ಊರಿನಲ್ಲಿ ನಿನ್ನ ತಾತ ಉಳಿದವರಿಗೆ ಸರಿಸಮನಾಗಿರುವ ಜಾಗ ಅದೊಂದೇ. ಯಂತ್ರ ನಿಂತಾಗ ಹೇಳಬೇಕಾದ್ದನ್ನು ಮರದ ತುಂಡಿನ ಮೇಲೆ ಬಡಗಿಯ ಪೆನ್ಸಿಲ್ಲಿನಲ್ಲಿ ಬರೆದು ಅವನ ಮುಂದೆ ತಳ್ಳುತ್ತಾರೆ. ಆ ತುಂಡುಗಳೆಲ್ಲ ಅವನ ಪ್ಯಾಂಟಿನ ಜೇಬಿನಲ್ಲಿ ಮನೆಗೆ ಬಂದು ನನ್ನ ಒಗೆಯುವ ಯಂತ್ರದಲ್ಲಿ ಲೊಟಲೊಟ ಸದ್ದು ಮಾಡುತ್ತವೆ. ಅರ್ಧ ಇಂಚು ಎಡಕ್ಕೆ. ಡೆಸ್ ಮತ್ತೆ ಪುಸ್ತಕ ತೆಗೆದ. ಇನ್ನೊಂದರಲ್ಲಿ ದಪ್ಪಗೆ, ನಿನ್ ಹೆಂಡತಿ ಬರ್ತಿದ್ದಾಳೆ, ಕೆಲಸ ಮಾಡೋ ಥರ ನಿಂತ್ಕೊ, ಎಂದಿತ್ತು. ಹೆಂಗಸರು ಬರಬಾರದೆಂದು ಅಲ್ಲಿ ಬೋರ್ಡೇನೂ ಇಲ್ಲ. ಆದರೆ ನಾನು ಬಾಗಿಲಲ್ಲಿ ನಿಂತರೆ ಹನ್ನೆರಡೂ ಮಂದಿ ಒಟ್ಟಿಗೆ ನೆಲದ ಮೇಲೆ ಏನನ್ನೋ ಹುಡುಕತೊಡಗುತ್ತಾರೆ. ಒಮ್ಮೆ ಕಿಟಕಿಯಿಂದ ನೋಡಿದೆ. ಕ್ಲೆಮ್ ಮುಖ ಮೇಲೆತ್ತಿ ನಗುತ್ತಿದ್ದ, ಗೋಣಿಚೀಲ ಜಾಡಿಸಿದ ಹಾಗೆ ಮೈಯೆಲ್ಲ ಅಲ್ಲಾಡುತ್ತಿತ್ತು. ನಾನು ಒಳಗೆ ಹೋಗದೆ ವಾಪಸು ಬಂದೆ. ಮನೆಯ ತನಕ ಮಂಡಿ ನೋಯಲಿಲ್ಲ.

ನಿನ್ನ ಅಮ್ಮ ನಿನ್ನ ಕಾಗದ ಓದಿದ ದಿನ ನಾನೂ ಕೋಳಿಗೂಡಿನಿಂದ ಒಂದು ಹಲಗೆಯ ಚೂರು ತಂದು ಬರೆದೆ: ಟ್ಯಾಮ್ಸಿನ್ ಮೇಲೆ ಸಿಟ್ಟಾ? ಊಟದ ತಟ್ಟೆಯ ಪಕ್ಕ ಇಟ್ಟೆ. ಓದಿದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಹಿಂದಿನ ಮಗ್ಗುಲಲ್ಲಿ ಬರೆದ: "ಫೋನಲ್ಲಿ ಅವಳ ಧ್ವನಿ ಇರುತ್ತೆ, ಮಾತಿರಲ್ಲ. ಸುಮ್ನೆ ಹೂಂ ಅಂದ್ರೆ ಅವಳಿಗೆ ಗೊತ್ತಾಗ್ಬಿಡುತ್ತೆ." ನೀನು ಕಂಬ ಹತ್ತುವುದರ ಬಗ್ಗೆ ಸಿಟ್ಟಿಲ್ಲವೇ ಎಂದು ಬಾಯಲ್ಲೇ ಕೇಳಿದೆ, ಎದುರಿಗೆ ಕೂತು ನಿಧಾನವಾಗಿ. ತುಟಿ ನೋಡಿ ಅರ್ಥಮಾಡಿಕೊಂಡ. "ನಾನು ಹತ್ತಿದ್ದು ನಲವತ್ತಡಿ, ಅವಳು ಹತ್ತೋದು ಮುನ್ನೂರು. ಶೆಡ್ಡಲ್ಲಿ ಎಲ್ಲರಿಗೂ ಹೇಳಿದೀನಿ" ಎಂದ. ಎಲ್ಲರಿಗೂ ಹೇಳಿದ್ದಾನೆ, ನಿನಗೊಬ್ಬಳಿಗೆ ಬಿಟ್ಟು. ಈ ಗಂಡಸರ ಜಾತಿಗೆ ಏನು ಹೇಳಬೇಕು.

ಕಿವಿಯ ಡಾಕ್ಟರು ನಮ್ಮೂರಿಗೆ ಬರುವುದು ಜೂನ್ ತಿಂಗಳಲ್ಲಿ. ತೋರಿಸುತ್ತೇನೆ ಎಂದು ಒಪ್ಪಿದ್ದಾನೆ, ಏಕೆಂದರೆ ರೋಲಿಯೂ ತೋರಿಸುತ್ತಾನಂತೆ, ಇನ್ನೂ ಐದು ಮಂದಿಯೂ. ಒಬ್ಬೊಬ್ಬರೇ ಹೋಗಲು ನಾಚಿಕೆ, ಏಳು ಮಂದಿ ಸೇರಿದರೆ ಪ್ರವಾಸ. ಅಲ್ಲಿಯವರೆಗೆ ಫೋನ್ ಬೇಡ. ಗಾಳಿ ಜೋರಾದಾಗ ಆ ಕಂಬ ಹತ್ತಬೇಡ, ಮೇಸ್ತ್ರಿ ಹತ್ತು ಎಂದರೂ ಹತ್ತಬೇಡ, ಅವನಿಗೆ ನನ್ನ ವಿಳಾಸ ಕೊಡು. ಹೊಟ್ಟೆ ತುಂಬ ತಿನ್ನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಅವನಿಗೆ ಪುರುಸೊತ್ತಿಲ್ಲದ ದಿನ ನೀನೇ ಹುಷಾರಾಗಿರು.

ನಿನ್ನ ಅಜ್ಜಿ,
ಎಲ್ವಾ ರೋಡ್ಡಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ರೋಲಿ ಬಂದು ಹೋದ. ಮೇ ಹದಿನೇಳು, ಶನಿವಾರ, ಮೈದಾನದಲ್ಲಿ ಗಾಳಿಯಂತ್ರವನ್ನು ಮತ್ತೆ ಎತ್ತಿ ನಿಲ್ಲಿಸುತ್ತಾರಂತೆ. ಬ್ರೇಕಿನ ಹಿಡಿ ಬಿಟ್ಟು ಮೊದಲು ಚಕ್ರ ತಿರುಗಿಸುವುದು ಯಾರು ಎಂದು ಇವತ್ತು ಚಹಾದ ಹೊತ್ತಿನಲ್ಲಿ ಮಾತಾಯಿತಂತೆ. ಎಲ್ಲರೂ ಕ್ಲೆಮ್ ಎಂದು ಮರದ ತುಂಡಿನ ಮೇಲೆ ಬರೆದು ಅವನ ಮುಂದೆ ತಳ್ಳಿದರಂತೆ. ಕ್ಲೆಮ್ ಎದ್ದು ನಿಂತು, "ನಾನಲ್ಲ, ನನ್ ಮೊಮ್ಮಗಳು ಟ್ಯಾಮ್ಸಿನ್. ಅವಳು ಬರ್ತಾಳೋ ಇಲ್ವೋ ನಂಗೊತ್ತಿಲ್ಲ, ಕೇಳೋಕೆ ಧೈರ್ಯ ಇಲ್ಲ" ಎಂದನಂತೆ, ಹನ್ನೊಂದು ಮಂದಿಯ ಮುಂದೆ. ಆರು ಕಿವಿಗೂ ಸ್ಪಷ್ಟವಾಗಿ ಕೇಳಿಸಿತಂತೆ. ಇದನ್ನು ನಿನಗೆ ಬರೆದಿದ್ದೇನೆಂದು ಅವನಿಗೆ ಗೊತ್ತಿಲ್ಲ. ಹಡಗಿಗೆ ಈಗಲೇ ಜಾಗ ಹಿಡಿ. ಉತ್ತರ ನನಗೆ ಬೇಡ, ಅವನಿಗೆ ಬರೆ, ಲಕೋಟೆಯ ಮೇಲೆ ಅವನ ಹೆಸರು ಹಾಕು, ಬರುತ್ತೇನೆ ಎನ್ನುವುದನ್ನು ಮೊದಲ ಸಾಲಿನಲ್ಲೇ ಬರೆ, ಅಕ್ಷರ ದಪ್ಪಗಿರಲಿ. ಮೇ ತಿಂಗಳು ಹುಟ್ಟುವ ಮೊದಲು ಅದು ಅವನ ಕೈಯಲ್ಲಿರಬೇಕು.