ಅವ್ವನ ಬಾಯಿಗೆ ಬಾರದ ಹೆಸರು

ಅಪ್ಪಾ,

ಮೊದಲು ನನ್ನ ಬೆನ್ನಿನ ಸಮಾಚಾರ. ನಿನ್ನ ಸಲುವಾಗಿ ಇಷ್ಟು ಗುದ್ದು ತಿಂದವರು ನಮ್ಮ ಮನೆತನದಲ್ಲಿ ಬೇರೆ ಯಾರೂ ಇಲ್ಲ. ಬಾಬೂಗೆ ಮಗ ಹುಟ್ಟಿ ಈಗ ಕೆಲವು ತಿಂಗಳಾದವು. ಹೌದು, ನಿನ್ನ ಮಗನಿಗೆ ಮಗ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾದವಳು ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಹೇಳಿ ಮುಗಿಸುವುದರೊಳಗೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಈ ಪದ್ಧತಿ ನಿನಗೆ ಗೊತ್ತೇ ಇದೆ. ನನಗೆ ಎರಡು ಸುತ್ತು ಬಿದ್ದವು. ಮೊದಲನೆಯದು ಪದ್ಧತಿಗೆ, ಎರಡನೆಯದು ನಾನು ಹೇಳಿದ ಹೆಸರು ಯಾವುದೆಂದು ಗೊತ್ತಾದ ಮೇಲೆ. ನಿನ್ನ ಸೊಸೆ ಸುಜಾತಾಳ ತವರಿನ ಹೆಂಗಸರು ಗಟ್ಟಿ ಕೈಯವರು, ಬಳೆ ಬೇರೆ. ಈ ಕತೆಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಖಾನಾಪುರದ ಟಾಕೀಸಿನ ಆಪರೇಟರ್ ರೂಮು ನೆನಪಾಗುತ್ತದೆ. ನೀನು ಬರೀ ಬನಿಯನ್ನಿನಲ್ಲಿ ಕೂತು ರೀಲು ಸುತ್ತುತ್ತಿದ್ದೆ, ನಾನೂ ಬಾಬೂನೂ ಆ ಸಣ್ಣ ಕಿಂಡಿಗಾಗಿ ಜಗಳಾಡುತ್ತಿದ್ದೆವು. ದೊಡ್ಡ ದೊಡ್ಡ ಹೀರೋಗಳೆಲ್ಲ ನಿನ್ನ ಪಾಲಿಗೆ ಬಸ್ಸಿನ ಮೇಲೆ ಡಬ್ಬಿಯಲ್ಲಿ ಬರುವವರು. ಡಬ್ಬಿಯ ಧೂಳನ್ನು ಟವೆಲಿನಿಂದ ಜಾಡಿಸಿ, ಹೊರಗೆ ತೆಗೆದು, ಊರಿಗೆಲ್ಲ ತೋರಿಸಿ, ಮತ್ತೆ ಒಳಗೆ ಹಾಕಿ ಮುಚ್ಚುತ್ತಿದ್ದೆ. ಅವರನ್ನು ಅಷ್ಟು ಹತ್ತಿರದಿಂದ ಕಂಡವನು ನನಗೆ ಒಬ್ಬ ನಟಿಯ ಹೆಸರಿಟ್ಟೆ, ಬಾಬೂಗೆ ಒಬ್ಬ ಕ್ರಿಕೆಟ್ ಆಟಗಾರನದು. ಏನೆಂದುಕೊಂಡಿದ್ದೆ, ಅಪ್ಪಾ? ನಾನು ಬ್ಲೌಸ್ ಹೊಲಿಯುವವಳಾದೆ. ಬಾಬೂ ಸಾಲೆಯ ಟೀಮಿನಲ್ಲಿ ಆಡುವವರಿಗೆ ನೀರು ಕೊಟ್ಟುಕೊಂಡೇ ಹತ್ತನೇ ಇಯತ್ತೆ ಮುಗಿಸಿದ.

ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ಕಡೆಯ ರೂಢಿ. ಆ ಮಾತು ಎತ್ತಿದರೆ ಸಾಕು, ನಿನ್ನ ಮುಖ ಗಂಟಾಗುತ್ತಿತ್ತು. “ನನ್ನ ಹೆಸರ ಯಾರಿಗೂ ಇಡಬ್ಯಾಡ್ರಿ. ಸಾಲ್ಯಾಗ ಹುಡುಗೂರು ಕಾಡಿಸಿದ್ದು ನನಗ ಸಾಕ. ಕಲ್ಲಪ್ಪ ನನ್ನ ಜೋಡಿನ ಹೋಗಲಿ,” ಎಂದಿದ್ದೆ. ಕೊನೆಯ ಬಾರಿ ಇದನ್ನು ಹೇಳಿದ್ದು ಬಾಬೂನ ಮದುವೆಯ ಮರುದಿನ, ಹಂದರ ಬಿಚ್ಚುತ್ತಿದ್ದಾಗ. ನಾವಿಬ್ಬರೂ ಹೂಂ ಎಂದಿದ್ದೆವು. ಅದನ್ನು ನಾನು ಮರೆತಿಲ್ಲ, ಮುಂದೆ ಓದು.

ಶಿವಬಸವ ನಗರದ ನನ್ನ ಅಂಗಡಿಯನ್ನು ನೀನು ನೋಡಿದ್ದೆ, ಆದರೆ ಈಗ ಬಂದು ನೋಡಬೇಕಿತ್ತು. ಬರುವವರೆಲ್ಲ ಮೊಬೈಲ್ ಮುಂದೆ ಹಿಡಿದೇ ಬರುತ್ತಾರೆ. ಈ ಹೀರೋಯಿನ್ ಹಾಕಿದಂಥಾ ಕುತ್ತಿಗೆ ಬೇಕು, ಆ ಹೀರೋಯಿನ್ ಹಾಕಿದಂಥಾ ತೋಳು ಬೇಕು. ನಾನು ಅಳತೆ ತೆಗೆದುಕೊಂಡು, ಅವರ ಮೈಗೆ ಯಾವುದು ಕೂಡುತ್ತದೋ ಅದನ್ನೇ ಹೊಲಿದು ಕೊಡುತ್ತೇನೆ. ಹಾಕಿಕೊಂಡು ಕನ್ನಡಿ ನೋಡಿ ಥೇಟ್ ಹಂಗ ಐತಿ ನೋಡ್ರಿ ಎಂದು ಖುಷಿಯಾಗಿ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಬ್ಲೌಸೂ ವಾಪಸ್ಸು ಬಂದಿಲ್ಲ, ಜಂಬ ಅಂದರೂ ಅನ್ನು.

ನಿನ್ನ ಮೊಮ್ಮಗಳು ಗೌರಿ ಈಗ ಎಂಟನೇ ಇಯತ್ತೆ. ಅವಳ ಕಪಾಟಿನ ಬಾಗಿಲಿಗೆ ಒಬ್ಬ ಹಾಡುಗಾರ್ತಿಯ ದೊಡ್ಡ ಫೋಟೊ. ಆಕೆ ಹಸಿ ಸೌತೆಕಾಯಿ ತಿಂದರೆ ಇವಳಿಗೂ ಸೌತೆಕಾಯಿ. ಆಕೆ ಬೆಳಗಿನ ಜಾವ ಎದ್ದು ತಾಲೀಮು ಮಾಡುತ್ತಾಳೆ, ಅದು ಮಾತ್ರ ಇವಳಿಗೆ ಬೇಡ. ಪೋಸ್ಟರ್ ಹರಿಯುವ ತಾಯಿ ನಾನಲ್ಲ. ನಿನ್ನ ಮಗಳಾಗಿ ಅದನ್ನು ಹೇಗೆ ಹರಿಯಲಿ? ಹುಡುಗರಿಗೆ ತಲೆ ಎತ್ತಿ ನೋಡಲು ಯಾರಾದರೂ ಬೇಕು, ತಾಯಿ ತಂದೆಯನ್ನೇ ನೋಡುತ್ತ ಕೂರಲು ಅವರಿಗೇನು ಹುಚ್ಚೇ? ನನ್ನದು ಒಂದೇ ಕರಾರು. ಬೇಕಾದವರ ಹಾಗೆ ಹಾಡು, ಬೇಕಾದವರ ಹಾಗೆ ಕೂದಲು ಬಿಡು, ಆದರೆ ಮನೆಗೆ ಬಂದವರಿಗೆ ನೀರು ಕೊಡುವಾಗ ನಮ್ಮ ಮನೆಯವಳ ಹಾಗೇ ಕೊಡು. ಗೌರಿ ಕಣ್ಣು ಹೊರಳಿಸುತ್ತಾಳೆ, ಆದರೆ ನೀರು ಕೊಡುತ್ತಾಳೆ.

ಬಾಬೂನದು ಮಾತ್ರ ಗೌರಿಗಿಂತ ಜಾಸ್ತಿ. ಈಗಿನ ಒಬ್ಬ ಕ್ರಿಕೆಟ್ ಆಟಗಾರನೆಂದರೆ ಅವನಿಗೆ ಜೀವ. ಆತನ ನಂಬರಿನ ಅಂಗಿ, ಆತನ ಹಾಗೆ ಗಡ್ಡ. ಸುಜಾತಾಗೆ ದಿನ ತುಂಬುವ ಮೊದಲೇ, ಗಂಡಾದರೆ ಆತನ ಹೆಸರೇ ಎಂದು ತೀರ್ಮಾನಿಸಿಬಿಟ್ಟಿದ್ದ. ಹೆಂಡತಿಯೂ ಒಪ್ಪಿದ್ದಳು. ನಾನು ಉಸಿರೆತ್ತಲಿಲ್ಲ. ನೀನೇ ಹಾಕಿಕೊಟ್ಟ ದಾರಿಯಲ್ಲವೇ? ಸುಜಾತಾಳ ತವರು ನಮ್ಮದೇ ಶಿವಬಸವ ನಗರದಲ್ಲಿ, ನನ್ನ ಅಂಗಡಿಯ ಹಿಂದಿನ ಓಣಿ. ತೊಟ್ಟಿಲು ಅಲ್ಲೇ ಎಂದಾಯಿತು. ಗೋಡೆಗೆ ಹಾಕಲು ಹೆಸರಿನ ಬ್ಯಾನರ್ ಕೂಡ ತಯಾರಾಯಿತು.

ಆಮೇಲೆ ಆ ವಿಡಿಯೋ ಬಂತು, ಕಾರ್ಯಕ್ರಮಕ್ಕೆ ಇನ್ನು ಒಂದು ವಾರವೂ ಇರಲಿಲ್ಲ. ಮೈದಾನ ನೋಡಿಕೊಳ್ಳುವ ಒಬ್ಬ ಮುದುಕನ ಮೇಲೆ ಆ ಆಟಗಾರ ತನ್ನ ಬ್ಯಾಗು ಒಗೆದು ಬಾಯಿಗೆ ಬಂದಂತೆ ಬೈಯುತ್ತಾನೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಮುದುಕ ಬಗ್ಗಿ ಬ್ಯಾಗು ಎತ್ತಿಕೊಡುತ್ತಾನೆ, ಅಷ್ಟೇ ಇರುವುದು. ಬಾಬೂ ಅದನ್ನು ನನ್ನ ಅಂಗಡಿಯಲ್ಲಿ ಮಷಿನ್ ಪಕ್ಕ ಕೂತು ಮತ್ತೆ ಮತ್ತೆ ನೋಡಿದ. ನಾನು ಮೊಬೈಲ್ ಕಸಿದುಕೊಂಡೆ.

“ಅಕ್ಕಾ, ಆ ಮುದುಕಾ ಬ್ಯಾಗಿನ ಧೂಳ ಟವೆಲ್ಲಿಲೆ ಜಾಡಿಸಿ ಕೊಟ್ಟಾನ ನೋಡು,” ಎಂದ. “ಅಪ್ಪ ರೀಲ್ ಡಬ್ಬಿ ಜಾಡಸ್ತಿದ್ನಲಾ, ಹಂಗ.”

ಅಷ್ಟು ದೊಡ್ಡ ಗಡ್ಡದ ಗಂಡಸು ನನ್ನ ಅಂಗಡಿಯಲ್ಲಿ ಲೈನಿಂಗ್ ಬಟ್ಟೆಯಿಂದ ಕಣ್ಣು ಒರೆಸಿಕೊಂಡ. ಅದೇ ಬಟ್ಟೆಯ ಇನ್ನೊಂದು ತುದಿಯಿಂದ ನಾನೂ ಒರೆಸಿಕೊಂಡೆ, ಅಪ್ಪಾ. ಆಟಗಾರನ ಮೇಲಿನ ಸಿಟ್ಟಿಗಿಂತ, ನೀನಿಲ್ಲವಲ್ಲ ಎಂದು.

ಮರುದಿನ ಸುಜಾತಾಳ ತವರಿನ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಬ್ಯಾನರ್ ಬೇಡ ಎಂದಾಗಿತ್ತು, ಆದರೆ ಮುಂದೆ? ಒಬ್ಬರು ಸಿನಿಮಾ ಹೀರೋ ಹೆಸರು ಹೇಳಿದರೆ ಇನ್ನೊಬ್ಬರು ಅವನ ಮೇಲೂ ಏನೋ ಸುದ್ದಿ ಇದೆ ಎಂದರು. ಗೌರಿ ಮೊಬೈಲ್ ಹಿಡಿದು ಹೆಸರು ಬಂದ ಹಾಗೆಲ್ಲ ಅವರವರ ಹಗರಣ ಹುಡುಕಿ ಓದುತ್ತಿದ್ದಳು, ಆ ಹುಡುಗಿಗೆ ಅದೊಂದು ಆಟವಾಗಿತ್ತು. ಕೊನೆಗೆ ನನ್ನ ತಲೆ ಕೆಟ್ಟು ಹೇಳಿಬಿಟ್ಟೆ: ಕಲ್ಲಪ್ಪ ಅಂತ ಇಡೂಣು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಬಿಡಲಿಲ್ಲ. ಟಿವಿಯಲ್ಲಿ ಬರುವವರ ಬಣ್ಣ ನಾಳೆ ಯಾವಾಗ ಬಯಲಾಗುತ್ತದೋ ಏನೋ, ನಮ್ಮಪ್ಪನದು ಬಯಲಾಗಲಿಕ್ಕೆ ಏನೂ ಉಳಿದಿಲ್ಲ, ಎಲ್ಲ ನಮಗೆ ಗೊತ್ತು ಎಂದೆ. ಗೊರಕೆ ಹೊಡೆಯುತ್ತಿದ್ದ. ಕದ್ದು ಬೀಡಿ ಸೇದಿ ಸೋಂಪು ಜಗಿಯುತ್ತಿದ್ದ. ಗೋವಾ ತೋರಿಸುತ್ತೇನೆಂದು ಗಡಿಯ ಈಚೆಗಿನ ಕಣಕುಂಬಿಯವರೆಗೆ ಕರೆದೊಯ್ದು, ಅಲ್ಲೇ ಬುತ್ತಿ ಬಿಚ್ಚಿಸಿ, ಇಲ್ಲಿಂದ ಮುಂದೆ ಎಲ್ಲ ಹೀಗೇ ಇದೆ ಎಂದು ವಾಪಸ್ಸು ಕರೆತಂದ. ಹಲಸಿಯ ಬಸ್ಸು ತಡವಾದರೆ, ಮಾಲೀಕ ಬೈದರೂ, ಆ ಊರಿನ ಮಂದಿ ಬಂದು ಕೂರುವ ತನಕ ಸಿನಿಮಾ ಹಚ್ಚುತ್ತಿರಲಿಲ್ಲ. ಯಾರ ಮೇಲೂ ಏನನ್ನೂ ಒಗೆಯಲಿಲ್ಲ. ಇಷ್ಟೇ ಇವನ ಸುದ್ದಿ, ಹುಡುಕಿ ನೋಡು ಎಂದು ಗೌರಿಗೆ ಹೇಳಿದೆ.

ಬಾಬೂ ನಿನ್ನ ಮಾತು ನೆನಪಿಸಿದ. ಅಪ್ಪ ಬೇಡ ಎಂದಿದ್ದ ಎಂದ. ಅಪ್ಪನ ಜೊತೆ ನಾನು ಮಾತಾಡಿಕೊಳ್ಳುತ್ತೇನೆ ಎಂದೆ. ಈಗ ಮಾತಾಡುತ್ತಿರುವುದು ಅದಕ್ಕೇ. ಆದರೆ ಸುಜಾತಾ ಮೆತ್ತಗೆ ಒಂದು ಮಾತು ಕೇಳಿದಳು.

“ಅಕ್ಕಾರ, ನನಗೇನ ಅಡ್ಡಿ ಇಲ್ರಿ. ಆದ್ರ ಅತ್ತಿಯವರು ಕೂಸಿನ್ನ ಏನಂತ ಕರೀಬೇಕ್ರಿ?”

ಅವ್ವ ಎದ್ದು ಅಡುಗೆಮನೆಗೆ ಹೋದಳು.

ಅವ್ವ ನಿನ್ನ ಹೆಸರು ಹೇಳಿದ್ದನ್ನು ನಾವು ಮಕ್ಕಳು ಒಮ್ಮೆಯೂ ಕೇಳಿಲ್ಲ. ಮದುವೆಯಲ್ಲಿ ಎಲ್ಲರೂ ಒತ್ತಾಯ ಮಾಡಿ ಪ್ರಾಸದ ಒಡಪು ಹಾಕಿಸಿ, ಅದರಲ್ಲಿ ನಿನ್ನ ಹೆಸರು ಹೇಳಿಸಿದ್ದರಂತೆ, ಆದರೆ ಬಾಜಾದ ಗದ್ದಲದಲ್ಲಿ ನಿನಗೇ ಕೇಳಿಸಲಿಲ್ಲವಂತೆ. ಅಲ್ಲಿಂದ ನೀನು ‘ಇವರು’, ‘ಬಾಬೂನ ಅಪ್ಪ’. ದವಾಖಾನೆಯಲ್ಲಿ ಪೇಶಂಟಿನ ಹೆಸರೇನು ಎಂದು ಕೇಳಿದಾಗಲೂ, ಅಂಥ ಹೊತ್ತಿನಲ್ಲೂ, ಸೆರಗು ಬಾಯಿಗೆ ಹಿಡಿದು ನನ್ನ ಕಡೆ ನೋಡಿದಳು. ನೀನೇನು ಕಡಿಮೆ ಕಾಡಿಸಿದ್ದೆಯಾ? ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತವನು, ಏನ್ರೀ, ಚಾ ಆಗೇದ ಎಂದು ಅವ್ವ ಕೂಗಿದರೆ ಕಿವುಡನ ಹಾಗೆ ಇರುತ್ತಿದ್ದೆ. “ಹೆಸರ ಹಿಡದ ಕರಿ, ಓ ಅಂತೀನಿ,” ಎನ್ನುತ್ತಿದ್ದೆ. “ಹಂಗ ಕುಂದರ್ರಿ, ಚಾ ಆರಲಿ,” ಎನ್ನುತ್ತಿದ್ದಳು ಅವ್ವ. ದಿನಾ ಇದೇ. ಆರಿದ ಚಾ ಕುಡಿದೇ ಹೋದೆಯಲ್ಲ ನೀನು.

ಅಡುಗೆಮನೆಯಲ್ಲಿ ಅವ್ವ ಬೀಗರ ಮನೆಯ ಪಾತ್ರೆಗಳನ್ನು ಸುಮ್ಮನೆ ಒರೆಸುತ್ತಿದ್ದಳು. ಹೆಸರು ಇಡಲೋ ಬೇಡವೋ ಎಂದು ನೇರವಾಗಿ ಕೇಳಿದೆ. “ಇಡಾವ್ರು ನೀವು. ನಾ ಅದಕ್ಕ ಕೂಸು ಅಂತೀನಿ,” ಎಂದಳು. ಕೂಸು ಬೆಳೆದು ಮೀಸೆ ಬಂದ ಮೇಲೆ ಎಂದೆ. ಅಷ್ಟು ವರ್ಷ ತಾನೆಲ್ಲಿ ಇರುತ್ತೇನೆ ಎಂದು ತಟ್ಟೆ ಬೋರಲು ಹಾಕಿದಳು. ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ನಿನಗಾದರೂ ಅರ್ಥವಾಗುತ್ತಿತ್ತೋ ಏನೋ.

ತೊಟ್ಟಿಲ ದಿನ ಬೆಳಿಗ್ಗೆ ಬಾಬೂ ಬಂದು, ಅಕ್ಕಾ, ನೀನು ಕಿವಿಯಲ್ಲಿ ಏನು ಹೇಳುತ್ತೀಯೋ ಅದೇ ಹೆಸರು, ನಾವಿಬ್ಬರೂ ಒಪ್ಪಿದ್ದೇವೆ ಎಂದ. ಸೋದರತ್ತೆಯ ಬಾಯಿಂದ ಬಂದದ್ದು ಬದಲಾಗುವುದಿಲ್ಲ, ಅದು ಅವನಿಗೂ ಗೊತ್ತು. ಗುಗ್ಗರಿ ಹಂಚಿಯಾಯಿತು, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಬಗ್ಗಿದೆ. ಎಣ್ಣೆ, ಹಾಲು, ವಿಭೂತಿಯ ವಾಸನೆ. ಎದುರಿಗೆ ಅವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು, ನನ್ನ ತುಟಿಯನ್ನೇ ನೋಡುತ್ತ. ಬೇಡವಾಗಿದ್ದರೆ ಆಗಲೇ ಹಗ್ಗ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಕುರ್ರ್, ಕಲ್ಲಪ್ಪ ಎಂದೆ. ಗುದ್ದುಗಳು ಬಿದ್ದವು. ಸುಜಾತಾಳ ತಾಯಿ ಏನು ಹೆಸರು ಎಂದು ಕೇಳಿ, ನಾನು ಗಟ್ಟಿಯಾಗಿ ಹೇಳಿದ ಮೇಲೆ, ಇಷ್ಟು ಚೆಂದದ ಕೂಸಿಗೆ ಇದೇನ ತಂಗಿ ಎಂದು ಎರಡನೇ ಸುತ್ತು. ಸುಜಾತಾ ನಗುತ್ತ ತಾನೂ ಒಂದು ಕೊಟ್ಟಳು. ಬಾಬೂ ಮಾತ್ರ ತೊಟ್ಟಿಲೊಳಗೆ ತಲೆ ಹಾಕಿ, ಏ ಅಪ್ಪಾ ಎಂದು ಕರೆದ.

ಆಮೇಲಿನ ತಿಂಗಳುಗಳಲ್ಲಿ ಅವ್ವ ಆಡಿದ ಮಾತಿಗೆ ತಪ್ಪಲಿಲ್ಲ. ಕೂಸಿಗೆ ಹಾಲಾತೇನ? ಕೂಸು ಮಲಗೇತೇನ? ಕೂಸು ಖಾನಾಪುರದ ಮನೆಗೆ ಬಂದ ಮೇಲೂ ಅದೇ. ಓಣಿಯವರೆಲ್ಲ ಕಲ್ಲಪ್ಪಾ ಕಲ್ಲಪ್ಪಾ ಎಂದು ಎತ್ತಿ ಆಡಿಸುತ್ತಾರೆ, ಅವ್ವ ಆಗ ಮುಖ ತಿರುಗಿಸಿ ಬತ್ತಿ ಹೊಸೆಯುತ್ತಾಳೆ. ನನ್ನ ಮೇಲೆ ನನಗೆ ಯಾವಾಗಲೂ ಭರವಸೆ, ನಿನಗೆ ಗೊತ್ತು. ಆದರೂ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಅಜ್ಜಿ ಮೊಮ್ಮಗನ ನಡುವೆ ನಾನೇ ಅಡ್ಡಗೋಡೆ ಕಟ್ಟಿಬಿಟ್ಟೆನೋ ಏನೋ…

ಹೋದ ರವಿವಾರ ಖಾನಾಪುರಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟವಾಗಿ ಸುಜಾತಾ ಒಳಗೆ ಅಡ್ಡಾಗಿದ್ದಳು, ಬಾಬೂ ಪೇಟೆಗೆ ಹೋಗಿದ್ದ. ನಾನು ಪಡಸಾಲೆಯಲ್ಲಿ ಒಂದು ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಅವ್ವ ಹೊರಗೆ ನಿನ್ನ ಕಟ್ಟೆಯ ಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಅದು ಮಲಗಲೊಲ್ಲದು. ರಚ್ಚೆ ಹಿಡಿದು ಕೈಕಾಲು ಬಡಿಯುತ್ತಿತ್ತು. ಅವ್ವ ಕೂಸೂ ಎಂದಳು, ಬಂಗಾರೂ ಎಂದಳು, ಯಾವುದಕ್ಕೂ ಬಗ್ಗಲಿಲ್ಲ. ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ನಾನು ಕಿಟಕಿಯ ಹಿಂದೆ ಇರುವುದು ಅವಳಿಗೆ ಮರೆತಿತ್ತು.

“ಕಲ್ಲಪ್ಪಾ,” ಎಂದಳು.

ಮೊದಲು ಮೆಲ್ಲಗೆ. ಆಮೇಲೆ ಇನ್ನೊಮ್ಮೆ, ಈ ಸಲ ಸರಿಯಾಗಿ, ಕಟ್ಟೆಯಿಂದ ಅಗಸಿ ಬಾಗಿಲಿಗೆ ಕೇಳಿಸುವಷ್ಟು. “ಕಲ್ಲಪ್ಪಾ! ಎಷ್ಟ ಕಾಡತೀಯೋ. ಕರದೇನಲಾ ಈಗ? ಇನ್ನೇನ ಬೇಕು?”

ಕೂಸು ಅಳು ನಿಲ್ಲಿಸಿ ಅವಳನ್ನೇ ಪಿಳಿಪಿಳಿ ನೋಡಿತು. ಅವ್ವ ಅದರ ಎದೆಯ ಮೇಲೆ ಕೈ ಇಟ್ಟುಕೊಂಡು ಅತ್ತಳು, ನಕ್ಕಳು, ಮತ್ತೆ ತಟ್ಟತೊಡಗಿದಳು. ನಾನು ಸೂಜಿ ಕೆಳಗಿಟ್ಟು ಸಪ್ಪಳ ಮಾಡದೆ ಕೂತೆ. ಅವ್ವನಿಗೆ ಇದನ್ನು ನಾನು ಹೇಳುವುದಿಲ್ಲ, ಆ ಮಾತು ಕೊಡುತ್ತೇನೆ. ಕಣಕುಂಬಿಯ ಗೋವಾವನ್ನು ಮಾತ್ರ ಹುಡುಗನಿಗೆ ದೊಡ್ಡವನಾದ ಮೇಲೆ ಹೇಳಿಯೇ ಹೇಳುತ್ತೇನೆ.

ನಿನ್ನ ಮಾತು ಮೀರಿದ್ದಕ್ಕೆ ನನಗೇನೂ ಬೇಜಾರಿಲ್ಲ, ಅಪ್ಪಾ. ಅವ್ವ ಹೆಸರು ಹಿಡಿದು ಕರೆದಾಯಿತು, ಅದೂ ಎರಡು ಸಲ. ಕೂಸಿಗೆ ಇನ್ನೂ ಮಾತು ಬರುವುದಿಲ್ಲ. ಓ ಅಂತೀನಿ ಅಂದವನು ನೀನು. ಓ ಅಂದೆಯೋ ಇಲ್ಲೋ?

ನಿನ್ನ ಮಗಳು