ಹೆಸರಿಲ್ಲದ ಬ್ಯಾಟರಿ

ಬಳ್ಳಾರಿ, ಮಂಗಳವಾರ ಮಧ್ಯಾಹ್ನ

ಸುಂಕಪ್ಪಣ್ಣಗ ರಿಪೇರಿ ಅಂಗಡಿ ಗೌತಮಿಯ ನಮಸ್ಕಾರ.

ನಿಮ್ಮ ಫೋನ್ ಹತ್ತವಲ್ದು. ಅದಕ್ಕ ಕುರುಗೋಡು ಬಸ್ಸಿನ ಕಂಡಕ್ಟರ್ ಕೈಯಾಗ ಈ ಚೀಟಿ ಕಳಸೀನಿ.

ನಿಮ್ಮ ಮಗಳು ಶಶಿರೇಖಾಳ ಗಿಟಾರಿನ ದನಿ ಸ್ಪೀಕರಿಗೆ ಕಳಸೋ ಹಳೇ ವೈರ್‌ಲೆಸ್ ಡಬ್ಬಿಗೆ ಹೋದ ವಾರ ಬ್ಯಾಟರಿ ಹಾಕಿಕೊಟ್ಟೆ. "ಕಂಪನಿದೇ ಏನಮ್ಮಾ?" ಅಂತ ಕೇಳಿದ್ರಿ, ಹೌದು ಅಂದೆ. ಅದು ಸುಳ್ಳು. ಅದರ ಮ್ಯಾಲೆ ಹೆಸರು, ನಂಬರು ಏನೂ ಇರಲಿಲ್ಲ.

ಅದರ ಜೋಡಿ ತಂದಿದ್ದ ಇನ್ನೊಂದು ಬ್ಯಾಟರಿ ಇವತ್ತು ಮುಂಜಾನಿ ಅಂಗಡ್ಯಾಗ ಉಬ್ಬಿ ಹೊತ್ತಿಕೊಂತು. ಬಲಗೈ ಸುಟ್ಟು ಆಸ್ಪತ್ರ್ಯಾಗ ಅದೀನಿ, ಇದನ್ನ ಎಡಗೈಲೆ ಬರದೀನಿ.

ಸಂಜಿ ಪ್ರೋಗ್ರಾಮಿಗೆ ಆಕಿ ಆ ಡಬ್ಬಿ ಸೊಂಟಕ್ಕ ಕಟ್ಟಿಕೊಳ್ಳೋದು ಬ್ಯಾಡ. ಮನಿ ಹೊರಗ ಬಯಲಾಗ ಇಡ್ರಿ. ಜೊತಿಗೆ ಉದ್ದನ ವೈರ್ ಕಳಸೀನಿ, ಅದನ್ನ ಹಾಕಿ ನುಡಿಸಲಿ.

ಬೈಯೋದಿದ್ರ ಆಮ್ಯಾಲೆ ಬೈಯ್ರಿ. ಈಗ ಕಂಡಕ್ಟರ್ ಫೋನಿಂದ "ಡಬ್ಬಿ ಹೊರಗ ಇಟ್ಟೀವಿ" ಅಂತ ಒಂದು ಮಾತು ಹೇಳ್ರಿ. ಫೋನ್ ಹಿಡಕೊಂಡೇ ಕುಂತೀನಿ.

ಗೌತಮಿ